ಪಂಚಕ ಕಳೆಯುವವರೆಗೆ

ಊದುಬತ್ತಿಯ ವಾಸನೆ ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ದೇವರ ಮೇಲೆ ನನಗೇನೂ ಮುನಿಸಿಲ್ಲ. ಪಾಂಡವಪುರದ ನನ್ನ ಮನೆಯಲ್ಲಿ ದಿನಾ ದೀಪ ಹಚ್ಚುತ್ತೇನೆ, ಹೂ ಇಡುತ್ತೇನೆ, ಊದುಬತ್ತಿ ಮಾತ್ರ ಹಚ್ಚುವುದಿಲ್ಲ. ನನ್ನ ಅತ್ತಿಗೆಯ ಎದೆಯ ಹುಣ್ಣು ಒಡೆದು ನಾರತೊಡಗಿದಾಗ ಅವಳ ಮಗ ಮತ್ತು ಸೊಸೆ ಕೋಣೆಯ ತುಂಬ ಊದುಬತ್ತಿ ಸಿಕ್ಕಿಸಿದ್ದರು. ಬಾಳೆಹಣ್ಣಿಗೆ, ಕಿಟಕಿಯ ಸಂದಿಗೆ, ಅವಳು ಕುಡಿಯುವ ನೀರಿನ ಚೊಂಬಿನ ಪಕ್ಕಕ್ಕೂ. ವಾಸನೆ ಎಲ್ಲಿಗೂ ಹೋಗಲಿಲ್ಲ. ಅದಕ್ಕೆ ಮಲ್ಲಿಗೆ ಸೇರಿಕೊಂಡಿತು, ಅಷ್ಟೇ. ನೋಡಲು ಬಂದ ನೆಂಟರು ಮೂಗಿಗೆ ಸೆರಗು ಹಿಡಿದು, “ಒಳ್ಳೆ ದೇವಸ್ಥಾನ ಇದ್ದಂಗದೆ” ಎಂದು ಬಾಗಿಲಲ್ಲೇ ನಿಂತು ಹಾಗೇ ಹೋಗಿಬಿಡುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಅತ್ತಿಗೆ ಎಂದರೆ ನನ್ನ ಒಬ್ಬನೇ ಅಣ್ಣನ ಹೆಂಡತಿ. ನಮ್ಮೂರು ನಾಗಮಂಗಲ ತಾಲ್ಲೂಕಿನಲ್ಲಿ, ದೇವಲಾಪುರದಿಂದ ಇನ್ನೂ ಸ್ವಲ್ಪ ಒಳಕ್ಕೆ. ಹೊಲದಲ್ಲಿ ರಾಗಿ, ಹುರುಳಿ. ಮನೆ ಮುಂದೆ ಹಸು. ಅವ್ವ ತೀರಿಕೊಂಡಾಗ ನನಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಅತ್ತಿಗೆ ನಮ್ಮ ಮನೆಯಲ್ಲಿ ಮೊದಲು ಮಾಡಿದ ಕೆಲಸ ನನ್ನ ತಲೆಯ ಹೇನು ತೆಗೆದದ್ದು. ನಾನು ಓದಿ, ಕೆ.ಆರ್. ಪೇಟೆಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ನಿವೃತ್ತಳಾದ ಮೇಲೂ ಅವಳು ನನ್ನನ್ನು “ಮಗ” ಎಂದೇ ಕರೆದಳು. ನಾನು ಅವಳನ್ನು ಏಕವಚನದಲ್ಲೇ ಮಾತಾಡಿಸಿದೆ, ಹೆತ್ತವ್ವನನ್ನು ಮಾತಾಡಿಸುವ ಹಾಗೆ. ಅಣ್ಣ ಹೋಗಿ ಬಹಳ ವರ್ಷಗಳಾದವು. ಅವನ ಮಗ ಹಸು ಸಾಕಿ, ಡೈರಿಗೆ ಹಾಲು ಹಾಕಿ, ಹಳೆಯ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ.

ಆ ಮನೆ ಕಟ್ಟುವಾಗ ಗೋಡೆಗಳಿಗೆ ನೀರು ಹಾಕಿದವಳು ಅತ್ತಿಗೆ. ಸಿಮೆಂಟು ಗಟ್ಟಿಯಾಗಬೇಕಾದರೆ ದಿನಾ ಬೆಳಿಗ್ಗೆ ಸಂಜೆ ನೀರೆರಚಬೇಕು. ಊರಲ್ಲೇ ಒಂದು ಸಣ್ಣ ಬಾಡಿಗೆ ಮನೆಯಲ್ಲಿದ್ದುಕೊಂಡು, ಹೊತ್ತು ಮೂಡುವ ಮೊದಲೇ ಬಂದು ತೊಟ್ಟಿಯಿಂದ ಬಕೆಟ್ಟು ತುಂಬಿಕೊಂಡು, ಚೊಂಬಿನಲ್ಲಿ ಗೋಡೆಗೆ ಎರಚುತ್ತಿದ್ದಳು. ಬರೀ ಬಲಗೈಯಲ್ಲಿ. ಎಡಗೈ ಯಾಕೆ ಎತ್ತುತ್ತಿಲ್ಲ ಎಂದು ಕೇಳಿದರೆ, “ಸೊಂಟ ಇಡ್ಕಂಡದೆ ಕಣ್ ಮಗ” ಎಂದು ನಕ್ಕಳು. ಸೊಂಟಕ್ಕೂ ಎಡಗೈಗೂ ಏನು ಸಂಬಂಧವೋ. ರವಿಕೆಯೊಳಗೆ ಗಡ್ಡೆ ಕಲ್ಲಿನಂತೆ ಬೆಳೆಯುತ್ತಿತ್ತು. ಮನೆ ಮುಗಿಯಲಿ ಎಂದು ಯಾರಿಗೂ ಹೇಳಲಿಲ್ಲ. ಮನೆ ಮುಗಿಯುವಷ್ಟರಲ್ಲಿ ಗಡ್ಡೆ ಒಡೆದಿತ್ತು. ಗೃಹಪ್ರವೇಶದ ದಿನ ಹಸುವನ್ನು ಹೊಸ ಮನೆಯೊಳಗೆ ಕರೆದುಕೊಂಡು ಹೋದರು, ಊರಿಗೆಲ್ಲ ಊಟ ಹಾಕಿದರು. ಅತ್ತಿಗೆ ಬಾಡಿಗೆ ಮನೆಯಲ್ಲಿ ಊದುಬತ್ತಿಗಳ ನಡುವೆ ಮಲಗಿದ್ದಳು. ಲೋಟದಲ್ಲಿ ತಂದುಕೊಟ್ಟ ಪಾಯಸವನ್ನು ಅವಳು ಮುಟ್ಟಲಿಲ್ಲ.

ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ನೋಡಿ, ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿದೆ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಗೆ ಕರೆದುಕೊಂಡು ಹೋಗಿ ಏನು ಮಾಡಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ಅವಳು ಹಗಲಿಡೀ ನರಳುತ್ತಿದ್ದಳು. ಪಕ್ಕದ ಮನೆಯವರು ಟಿವಿಯ ಸದ್ದು ಜಾಸ್ತಿ ಮಾಡಿದರು. ಕೊನೆಗೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಇಂಥವರನ್ನು ನೋಡಿಕೊಳ್ಳುವ ಒಂದು ಆಸ್ಪತ್ರೆಯ ವಿಷಯ ಹೇಳಿದರು.

ಪಾಂಡವಪುರದಿಂದ ಶ್ರೀರಂಗಪಟ್ಟಣದ ಕಡೆಗೆ ಹೋಗುತ್ತಾ ನಾಲೆ ದಾಟಿ ಒಳಕ್ಕೆ ತಿರುಗಿದರೆ ಕಬ್ಬಿನ ಗದ್ದೆಗಳ ನಡುವೆ ಒಂದು ಹೆಂಚಿನ ಕಟ್ಟಡವಿದೆ. ಒಂದು ಧರ್ಮಸಂಸ್ಥೆ ನಡೆಸುತ್ತದೆ, ಯಾರಿಂದಲೂ ಒಂದು ಕಾಸು ತೆಗೆದುಕೊಳ್ಳುವುದಿಲ್ಲ. ಗುಣವಾಗದ ಕಾಯಿಲೆಯವರನ್ನು ಇಟ್ಟುಕೊಂಡು ನೋವು ಇಳಿಸುತ್ತಾರೆ, ಹುಣ್ಣು ತೊಳೆಯುತ್ತಾರೆ. ಮನೆಯಲ್ಲೇ ಇರುತ್ತೇವೆ ಎಂದವರ ಮನೆಗೆ ವ್ಯಾನಿನಲ್ಲಿ ಹೋಗುತ್ತಾರೆ. ಬೋರ್ಡಿನಲ್ಲಿ ‘ಉಪಶಾಮಕ ಆರೈಕೆ ಕೇಂದ್ರ’ ಎಂದು ಬರೆದಿದೆ. ಆ ಮಾತು ಯಾರ ಬಾಯಲ್ಲೂ ತಿರುಗುವುದಿಲ್ಲ. ಆಟೋದವನಿಗೆ “ಸಾಯೋರ ಆಸ್ಪತ್ರೆ” ಎಂದರೆ ಸಾಕು, ಸೀದಾ ತಂದು ಬಿಡುತ್ತಾನೆ. ಪಕ್ಕದಲ್ಲೇ ಆಲೆಮನೆ ಇರುವುದರಿಂದ ವಾರ್ಡಿನೊಳಗೆ ಸದಾ ಬೆಲ್ಲ ಕಾಯಿಸುವ ವಾಸನೆ.

ಅಲ್ಲಿಗೆ ಸೇರಿಸಿದ ದಿನ ಡಾಕ್ಟರು ಹುಣ್ಣಿನ ಬಟ್ಟೆ ಬಿಚ್ಚಿ, ಮೂಗು ಮುಚ್ಚಿಕೊಳ್ಳದೆ, ಬಗ್ಗಿ ನೋಡಿದರು. ಒಂದು ಬಗೆಯ ಮಾತ್ರೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿ ಕಟ್ಟಲು ಹೇಳಿದರು. ಕೆಲವೇ ದಿನಗಳಲ್ಲಿ ವಾಸನೆ ಅಡಗಿತು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಾತ್ರೆ. ತಿಂಗಳುಗಟ್ಟಲೆ ಊದುಬತ್ತಿ ಹಚ್ಚಿದ ಜನರಿಗೆ ಅದು ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಬೇಕು ಎಂದೂ ಅನಿಸಿರಲಿಲ್ಲ. ನೋವಿಗೆ ಕೊಟ್ಟ ಮಾತ್ರೆ ಹತ್ತಿದ ಮೇಲೆ ಅತ್ತಿಗೆ ಕಣ್ಣು ಬಿಟ್ಟು, “ಬೆಲ್ಲ ಯಾರ್ ಕಾಯಿಸ್ತಾವ್ರೆ?” ಎಂದು ಕೇಳಿದಳು. ಬಹಳ ದಿನಗಳ ಮೇಲೆ ಅವಳ ಬಾಯಲ್ಲಿ ನೋವಿನದಲ್ಲದ ಒಂದು ಮಾತು ಬಂದಿತ್ತು. ನಾನು ಹೊರಗೆ ಹೋಗಿ ನಾಲೆಯ ದಂಡೆಯ ಮೇಲೆ ಕೂತು ಅತ್ತೆ.

ಅವಳ ಜೊತೆಗೆ ನಾನೂ ಅಲ್ಲೇ ಇದ್ದೆ. ಕಾಯಿಲೆಯವರನ್ನು ನೋಡಿ ನನಗೆ ಅಸಹ್ಯವೆನಿಸಲಿಲ್ಲ. ಕೀವು, ಮಲ, ಮೂಗಿನಲ್ಲಿ ಪೈಪು, ಎಲ್ಲ ನಾಲ್ಕು ದಿನದಲ್ಲಿ ಅಭ್ಯಾಸವಾಯಿತು. ಅಸಹ್ಯವೆನಿಸಿದ್ದು ನೆಟ್ಟಗೆ ನಡೆದುಕೊಂಡು ಬರುವವರನ್ನು ನೋಡಿ. ಒಂದು ದಿನ ಯಾರೋ ಮುಖಂಡನ ಹುಟ್ಟುಹಬ್ಬವೆಂದು ಒಂದು ದಂಡು ಬ್ಯಾನರಿನ ಸಮೇತ ಬಂತು, ರೋಗಿಗಳಿಗೆ ಹಣ್ಣು ಬ್ರೆಡ್ಡು ಹಂಚಲು. ಗಂಟಲಿನ ಕ್ಯಾನ್ಸರಿನವನೊಬ್ಬ ಎಂಜಲನ್ನೂ ನುಂಗಲಾರದೆ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದ. ಅವನ ಕೈಗೆ ಸೇಬು ಕೊಟ್ಟು, “ಸ್ವಲ್ಪ ಈ ಕಡೆ ನೋಡಿ ಯಜಮಾನ್ರೇ, ನಗಿ” ಎಂದು ಫೋಟೋ ತೆಗೆದರು. ಫೋಟೋ ಸರಿ ಬರಲಿಲ್ಲವೆಂದು ಅದೇ ಸೇಬನ್ನು ತೆಗೆದುಕೊಂಡು ಮತ್ತೆ ಕೊಟ್ಟರು. ಅತ್ತಿಗೆ ತನಗೆ ಸಿಕ್ಕ ಬಾಳೆಹಣ್ಣು ತಿರುಗಿಸಿ ನೋಡುತ್ತಾ, “ಯಾರ್ ಉಟ್ಟಿದ್ದಂತೆ?” ಎಂದಳು. ನಾನು ಹೆಸರು ಹೇಳಿದೆ. “ಉಟ್ಲಿ ಬುಡು, ಯಾಕಾದ್ರೂ ಉಟ್ದ್ನೋ” ಎಂದು ಆ ಕಡೆ ತಿರುಗಿದಳು.

ಪಂಚಕಕ್ಕೆ ಜನ ಏನು ಮಾಡುತ್ತಾರೆಂದು ನನಗೆ ತಿಳಿದದ್ದು ಅಲ್ಲೇ. ಸತ್ತ ದಿನದ ನಕ್ಷತ್ರ ಸರಿಯಿಲ್ಲದಿದ್ದರೆ ಮನೆ ಬಿಡಬೇಕು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರಗಳು ಪಂಚಕ. ಆ ದಿನಗಳಲ್ಲಿ ಮನೆಯೊಳಗೆ ಪ್ರಾಣ ಹೋದರೆ ಬಾಗಿಲಿಗೆ ಬೀಗ ಜಡಿದು, ಮುಳ್ಳು ಹಾಕಿ, ತಿಂಗಳುಗಟ್ಟಲೆ ಬೇರೆ ಕಡೆ ಬದುಕಬೇಕು. ಚಿಕ್ಕಂದಿನಲ್ಲಿ ಮುಳ್ಳು ಹಾಕಿದ ಬಾಗಿಲ ಮುಂದೆ ಹಾಯುವಾಗ ನಾವು ಓಡುತ್ತಿದ್ದೆವು. ಆದರೆ ಜನ ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ.

ಶ್ರೀರಂಗಪಟ್ಟಣದ ಒಬ್ಬರು ಕಾರಿನಲ್ಲಿ ತಮ್ಮ ತಂದೆಯನ್ನು ಕರೆತಂದರು. ಕಚೇರಿಯಲ್ಲಿ ಕೆಲಸ ಮಾಡುವವರು, ಇಸ್ತ್ರಿ ಮಾಡಿದ ಅಂಗಿ, ಮನೆತನ ದೇವಸ್ಥಾನದ ಸೇವೆಯದು. ಮುದುಕರು ಶಾಂತವಾಗಿ ಉಸಿರಾಡುತ್ತಿದ್ದರು. ನೋವಿಲ್ಲ, ಹುಣ್ಣಿಲ್ಲ. ಮಗ ನರ್ಸಿನ ಹತ್ತಿರ ಬಂದು ದನಿ ತಗ್ಗಿಸಿ, “ಸಿಸ್ಟರ್, ಸೋಮವಾರದವರೆಗೆ ಮಾತ್ರ ಇಟ್ಕೊಳ್ಳಿ. ಆಮೇಲೆ ನಾವೇ ಬಂದು ಕರ್ಕೊಂಡು ಹೋಗ್ತೀವಿ” ಎಂದರು. ಎಲ್ಲಿಗೋ ಪ್ರಯಾಣವಿರಬೇಕು ಎಂದುಕೊಂಡೆ. ಅವರು ಹೋದ ಮೇಲೆ ಸಿಸ್ಟರು ಗೋಡೆಯ ಕ್ಯಾಲೆಂಡರನ್ನು ತೋರಿಸಿದರು. ಹೊಣಕೆರೆ ಕಡೆಯ ಹೆಂಗಸು, ಮಾತು ಕಡಿಮೆ.

“ಇವತ್ತಿಂದ ಪಂಚಕ ಮೇಡಂ. ಪಂಚಕ ಬಂತೂಂದ್ರೆ ನಮ್ಮ ಬೆಡ್ಡೆಲ್ಲ ಭರ್ತಿ. ಕಳೀತೂಂದ್ರೆ ಖಾಲಿ.”

“ಇಲ್ಲೇ ಹೋಗಿಬಿಟ್ಟರೆ?”

“ಅದಕ್ಕೇ ತಾನೇ ತಂದು ಬುಡೋದು? ಇಲ್ಲಿ ಎಲ್ಲಾ ನಕ್ಷತ್ರದಲ್ಲೂ ಓಗವ್ರೆ. ನಾವು ಒಂದಿನಾನೂ ಬೀಗ ಆಕಿಲ್ಲ” ಎಂದು ಹೇಳಿ ಅವರು ಬಟ್ಟೆ ಬದಲಿಸಲು ಹೋದರು.

ಅಂದರೆ ಸಾವಿನ ಕೇಡು ಬಡಿಯುವುದಾದರೆ ಧರ್ಮಕ್ಕೆ ಅನ್ನ ಹಾಕುವವರ ಮನೆಗೆ ಬಡಿಯಲಿ. ಥೂ. ಆ ದಿನಗಳಲ್ಲೇ ಪಾಂಡವಪುರದ ಕೂಲಿಯವನೊಬ್ಬ ನೋವಿನಿಂದ ಒದ್ದಾಡುತ್ತಾ ಬಂದಾಗ ಹಾಸಿಗೆ ಇರಲಿಲ್ಲ, ವರಾಂಡದಲ್ಲಿ ಮಲಗಿಸಿದರು. ಮುದುಕರು ಸೋಮವಾರ ಉಸಿರಾಡುತ್ತಲೇ ಕಾರು ಹತ್ತಿದರು. ಮಗ ಎಲ್ಲರಿಗೂ ಕೈ ಮುಗಿದು, “ನಿಮ್ಮದು ದೊಡ್ಡ ಸೇವೆ” ಎಂದರು. ಅವರ ಹಿಂದೆಯೇ ಹೋಗಿ ಕಾರಿನ ಗಾಜಿಗೆ ಉಗಿಯಬೇಕು ಎನಿಸಿತು. ನಾನು ಉಗಿಯಲಿಲ್ಲ.

ಅತ್ತಿಗೆ ಇದನ್ನೆಲ್ಲ ಮಲಗಿದಲ್ಲಿಂದಲೇ ನೋಡುತ್ತಿದ್ದಳು. ಒಂದು ಸಂಜೆ ನನ್ನ ಕೈ ಹಿಡಿದು ತನ್ನ ಆಸೆ ಹೇಳಿದಳು.

“ನನ್ನ ಮನೀಗ್ ಕರ್ಕಂಡೋಗು ಮಗ. ಒಸ ಮನೀಗೆ. ಮೂಡ್ಲ ಕಡೆ ಕೋಣೆ ಅದ್ಯಲ್ಲ, ಅಲ್ಲಿ ಮಲಗ್ತೀನಿ. ಆ ಗೋಡೆಗ್ ನಾನು ಎಷ್ಟ್ ನೀರಾಕಿಲ್ಲ! ಒಂದ್ಸಲ ಮಲಗಿಸ್ಬುಟ್ಮೇಲೆ ಆಮ್ಯಾಕೆ ನನ್ನ ಯಾರೂ ಎತ್ತಬ್ಯಾಡಿ.”

ಅವಳ ಬೇಡಿಕೆ ಇಷ್ಟೇ. ಡಾಕ್ಟರು ಒಪ್ಪಿದರು. ಅಣ್ಣನ ಮಗನನ್ನು ಕರೆಸಿ, ಬೆನ್ನುಮೂಳೆ ಟೊಳ್ಳಾಗಿದೆ, ಅಲುಗಿಸಿದರೆ ಪ್ರಾಣ ಹೋಗುವಷ್ಟು ನೋವಾಗುತ್ತದೆ, ಪಕ್ಕಕ್ಕೆ ತಿರುಗಿಸುವಾಗಲೂ ಮೊದಲು ಮಾತ್ರೆ ಕೊಟ್ಟು ಅದು ಹತ್ತುವವರೆಗೆ ಕಾಯಬೇಕು ಎಂದು ಬಿಡಿಸಿ ಹೇಳಿದರು. ಅವನು ತಲೆಯಾಡಿಸಿದ. “ಅವ್ವುನ್ನ ಎತ್ತಲ್ಲ ಸಾರ್, ಆಣೆಗೂ ಎತ್ತಲ್ಲ” ಎಂದ. ವ್ಯಾನಿನಲ್ಲಿ ಮಲಗಿಸಿಕೊಂಡು, ಹಳ್ಳ ಬಂದಲ್ಲೆಲ್ಲ ನಿಲ್ಲಿಸಿ ನಿಲ್ಲಿಸಿ ಊರಿಗೆ ತಂದರು, ನಾನೂ ಜೊತೆಗೆ ಹೋಗಿ ಅಲ್ಲೇ ಉಳಿದೆ.

ಆ ಕೋಣೆಯಲ್ಲಿ ಅವಳು ಸುಖವಾಗಿದ್ದಳು. ಇದನ್ನು ಹೇಳಲೇಬೇಕು, ಯಾಕೆಂದರೆ ಅದು ಸುಳ್ಳಲ್ಲ. ಸಂಸ್ಥೆಯವರು ಗಾಳಿ ಹಾಸಿಗೆ ಕೊಟ್ಟಿದ್ದರು. ಕರೆಂಟಿನ ಪಂಪು ಗುಂಯ್ ಎನ್ನುತ್ತಾ ಅದಕ್ಕೆ ಗಾಳಿ ತುಂಬುತ್ತಿತ್ತು. ಕಿಟಕಿಯಾಚೆ ಅಂಗಳ, ಅಂಗಳದಾಚೆ ಮನೆ ಕಟ್ಟುವಾಗ ಸಿಮೆಂಟು ಇಡಲು ಹಾಕಿದ ಶೀಟಿನ ಶೆಡ್ಡು, ಅದರ ಪಕ್ಕಕ್ಕೆ ಹಸುಗಳು. ಹಾಲು ಕರೆಯುವ ಸದ್ದು ಕೇಳಿ ಯಾವ ಹಸು, ಎಷ್ಟು ಕೊಟ್ಟಿತು ಎಂದು ಅವಳು ಮಲಗಿದಲ್ಲೇ ಹೇಳುತ್ತಿದ್ದಳು. ಮಂಚವನ್ನು ಗೋಡೆಗೆ ಒತ್ತಿ ಹಾಕಿಸಿಕೊಂಡಿದ್ದಳು. ಎಚ್ಚರವಿದ್ದಾಗಲೆಲ್ಲ ಬೆರಳಿನಿಂದ ಗೋಡೆಯನ್ನು ಸವರುತ್ತಿದ್ದಳು. ವಾರಕ್ಕೊಮ್ಮೆ ವ್ಯಾನು ಬಂದು ಸಿಸ್ಟರು ಹುಣ್ಣು ತೊಳೆದು ಕಟ್ಟುತ್ತಿದ್ದರು. ಸೊಸೆಯೂ ಮುಖ ಸಿಂಡರಿಸದೆ ಬಟ್ಟೆ ಒಗೆಯುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು. ಕೆಟ್ಟ ಹುಡುಗಿ ಎಂದು ಅವಳನ್ನು ಬಯ್ದು ಕೈ ತೊಳೆದುಕೊಳ್ಳಲು ನನಗೆ ಆಗುವುದಿಲ್ಲ.

ಆಮೇಲೆ ಅತ್ತಿಗೆ ಗಂಜಿ ಬಿಟ್ಟಳು. ಹಗಲೂ ರಾತ್ರಿ ಮಂಪರು. ಸಿಸ್ಟರು ನಾಡಿ ನೋಡಿ, “ಇನ್ನು ಹೆಚ್ಚು ದಿನ ಇಲ್ಲ. ಬಾಯಿ ಒದ್ದೆ ಮಾಡ್ತಾ ಇರಿ. ಇದ್ದಲ್ಲೇ ಇರ್ಲಿ” ಎಂದು ಹೇಳಿ ಹೋದರು. ಆ ಮಾತು ಊರಿನಲ್ಲಿ ಹರಡಿದ್ದೇ ತಡ, ನೆಂಟರು ಬಂದು ಹಾಲ್‌ನಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಕಾಫಿ ಕುಡಿದರು. ಒಬ್ಬ ದಾಯಾದಿ ಲೋಟ ಕೆಳಗಿಟ್ಟು, “ನಕ್ಷತ್ರ ನೋಡ್ಸಿದ್ರೇನ್ಲಾ?” ಎಂದ.

ಅಣ್ಣನ ಮಗ ಅಲ್ಲೇ ನಿಂತು ಪಂಚಾಂಗ ಹೇಳುವ ಐನೋರಿಗೆ ಫೋನು ಮಾಡಿದ. ಮಾರನೆಯ ದಿನದಿಂದ ಪಂಚಕ. ಫೋನು ಕಿವಿಯಲ್ಲಿರುವಾಗಲೇ ಅವನ ಮುಖ ಇಳಿದುಹೋಯಿತು. ಅವ್ವ ಸಾಯುತ್ತಾಳೆ ಎಂದು ಸಿಸ್ಟರು ಹೇಳಿದಾಗ ಅಷ್ಟು ಇಳಿದಿರಲಿಲ್ಲ. ತಕ್ಷಣ ನಾಲೆಯ ಬದಿಯ ಆಸ್ಪತ್ರೆಗೆ ಫೋನು ಮಾಡಿದ. ಹಾಸಿಗೆಗಳು ಭರ್ತಿಯಾಗಿದ್ದವು, ಯಾಕೆ ಎಂದು ನನಗೆ ಗೊತ್ತಿತ್ತು. ಹಾಸಿಗೆ ಇದ್ದರೂ ಈಗ ಅಲುಗಿಸಬಾರದು ಎಂದು ಸಿಸ್ಟರು ಖಡಾಖಂಡಿತವಾಗಿ ಹೇಳಿದರು.

“ಹಂಗಾದ್ರೆ ಶೆಡ್ಡಿಗ್ ಆಕಾನ” ಎಂದ ದಾಯಾದಿ. “ಅದು ಮನೆ ಅಲ್ವಲ್ಲ. ಅಲ್ಲಿ ಓದ್ರೆ ಮನೆ ಬುಡಂಗಿಲ್ಲ.”

ಹಾಲ್‌ನಲ್ಲಿದ್ದ ಎಲ್ಲರ ಮುಖವೂ ಒಮ್ಮೆಲೇ ಬೆಳಗಿತು. ನನಗೆ ತಲೆ ಕೆಟ್ಟಿತು. ಬಾಯಿಗೆ ಬಂದಂತೆ ಬಯ್ದೆ.

“ಏನ್ಲಾ, ನಿಮ್ಮವ್ವ ಏನು ಸಿಮೆಂಟ್ ಚೀಲವೇನ್ಲಾ ಶೆಡ್ಡಿಗೆ ಹಾಕಕ್ಕೆ? ಎತ್ತಲ್ಲ ಅಂತ ಆಣೆ ಮಾಡಿದ್ದೆ ತಾನೆ?”

“ಅತ್ತೆ, ನೀವು ಓದ್ದೋರು, ನಿಮ್ಗೆ ನಡೀತದೆ” ಎಂದ ಅವನು. ದನಿ ಏರಿಸಲಿಲ್ಲ, ಅದೇ ಇನ್ನೂ ಕೆಟ್ಟದಾಗಿತ್ತು. “ನಾವು ಊರಲ್ ಬದುಕ್‌ಬೇಕಲ್ಲ. ಮೊನ್ನೆ ಮೊನ್ನೆ ಪ್ರವೇಸ ಮಾಡಿರ ಮನೆ. ಬಾಗ್ಲಿಗೆ ಮುಳ್ಳಾಕ್ಬುಟ್ಟು ಎಲ್ಲಿಗ್ ಓಗಾನ ಏಳಿ?”

“ನನ್ನ ಮನೆಗೆ ಬನ್ನಿ. ಎಷ್ಟು ತಿಂಗಳು ಬೇಕಾದರೂ ಇರಿ. ನಾನೊಬ್ಬಳೇ ಇರೋದು.”

“ಅಸುಗೊಳು?”

ಸಾಯುತ್ತಿರುವ ಅವ್ವನ ವಿಷಯ ಹಸುಗಳ ಹತ್ತಿರಕ್ಕೆ ಬಂದು ನಿಂತಿತು. ಹಾಲ್‌ನಲ್ಲಿದ್ದವರು ಹಸುಗಳ ಕಷ್ಟಕ್ಕೆ ತಲೆದೂಗಿದರು.

ಆಗ ಕೋಣೆಯಿಂದ ಅತ್ತಿಗೆಯ ದನಿ ಬಂತು. ಮಂಪರಿನಲ್ಲಿದ್ದಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕೋಣೆಗೂ ಹಾಲಿಗೂ ನಡುವೆ ಒಂದು ಪರದೆ, ಅಷ್ಟೇ. ನಾವು ಒಳಗೆ ಹೋದಾಗ ಅವಳ ಕಣ್ಣು ತೆರೆದಿತ್ತು.

“ನನ್ನ ಆಚ್ಗೇ ಆಕ್ಬುಡ್ರಪ್ಪ. ಮನೆ ಬುಡೋದ್ ಬ್ಯಾಡ.”

“ಅತ್ಗೆ, ನೀನು ಸುಮ್ನಿರು. ನಿನ್ನ ಯಾರೂ ಎತ್ತಲ್ಲ” ಎಂದೆ.

“ನೀ ಸುಮ್ಕಿರ್ ಮಗ” ಎಂದಳು ಅವಳು. ನನ್ನ ಕಡೆ ನೋಡಲಿಲ್ಲ. ಬೆರಳು ಗೋಡೆಯ ಮೇಲೇ ಇತ್ತು.

ಅಣ್ಣನ ಮಗನ ಕಣ್ಣಲ್ಲಿ ನೀರು ಬಂತು. ಅದು ದುಃಖದ್ದೋ ನೆಮ್ಮದಿಯದ್ದೋ ಹೇಳಲಾರೆ. ಅವನು ಹಾಲಿಗೆ ಹೋಗಿ, “ಅವ್ವನೇ ಏಳ್ತಾವ್ಳೆ, ಅವ್ವನೇ ಏಳ್ತಾವ್ಳೆ” ಎಂದು ಎಲ್ಲರಿಗೂ ಸಾರಿದ. ಆಮೇಲೆ ಯಾರು ಕೇಳಿದರೂ ಅದೇ ಮಾತು.

ಎತ್ತುವುದೇ ಆದರೆ ಡಾಕ್ಟರು ಹೇಳಿದಂತೆ ಎತ್ತಲಿ ಎಂದು ನಾನು ಮಾತ್ರೆ ಕರಗಿಸಿ ಅವಳ ಬಾಯಿಗೆ ಹಾಕಿದೆ. ಇದು ಹತ್ತುವವರೆಗೆ ಕಾಯಿರಿ ಎಂದು ಕೈ ಮುಗಿದೆ. ಕಾಯುವ ಮನಸ್ಸು ಅವರಿಗೂ ಇತ್ತು, ಆದರೆ ದಾಯಾದಿ ಗಡಿಯಾರ ನೋಡಿ, “ಇನ್ನೇನ್ ರಾಹುಕಾಲ ಬಂದ್ಬುಡ್ತದೆ, ಈಗ್ಲೇ ಎತ್ರುಲಾ” ಎಂದ. ಸಾಯುವವಳನ್ನು ಮನೆಯಿಂದ ಹೊರಗೆ ಹಾಕುವುದಕ್ಕೂ ಒಳ್ಳೆಯ ಕಾಲ ಬೇಕಿತ್ತು ಅವರಿಗೆ. ಹಾಸಿಗೆಯ ದುಪ್ಪಟಿಯ ನಾಲ್ಕು ಮೂಲೆ ಹಿಡಿದರು. ಒಂದು ಮೂಲೆ ನಾನು ಹಿಡಿಯಲೇಬೇಕಾಯಿತು, ಬಿಟ್ಟರೆ ಅವಳ ಬೆನ್ನು ಒಂದು ಕಡೆಗೆ ಜೋತು ಬೀಳುತ್ತಿತ್ತು. ಅಂಗಳ ಅಷ್ಟೇನೂ ದೊಡ್ಡದಲ್ಲ. ಅವಳು ಕೂಗಿದ ಕೂಗಿಗೆ ಹಸುಗಳು ಹಗ್ಗ ಜಗ್ಗಿದವು. ಶೆಡ್ಡಿನ ಬಾಗಿಲಲ್ಲಿ ತಲೆ ಮುಂದಾಗಿ ಹೋಗಬೇಕೋ ಕಾಲು ಮುಂದಾಗಿ ಹೋಗಬೇಕೋ ಎಂದು ಅವರು ನಿಂತು ಚರ್ಚಿಸಿದರು, ಅವಳನ್ನು ಹಿಡಿದುಕೊಂಡೇ.

ಶೆಡ್ಡಿನಲ್ಲಿ ಗಟ್ಟಿಕಟ್ಟಿದ ಸಿಮೆಂಟಿನ ಚೀಲ, ಮಿಕ್ಕ ಟೈಲ್ಸು, ಇಲಿಯ ಹಿಕ್ಕೆ. ಗಾಳಿ ಹಾಸಿಗೆಯ ಪಂಪಿಗೆ ಅಲ್ಲಿ ಪ್ಲಗ್ಗು ಇರಲಿಲ್ಲ. ನಾನು ಜಗಳವಾಡಿ ಮನೆಯಿಂದ ವೈರು ಎಳೆಸಿದೆ. ಒಂದು ಕಬ್ಬಿಣದ ಮಂಚ ತಂದು ಹಾಕಿದರು. ಕೋಣೆಯ ಮಂಚವನ್ನು ತರಲಿಲ್ಲ, ಅದು ಹೊಸದು. ಅವಳ ಸಂಕಟ ಇಳಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ನಾನು ಮಂಚದ ಕಾಲ್ದೆಸೆಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ ಕೂತು ಅವಳ ಪಾದ ಒತ್ತುತ್ತಿದ್ದೆ. ಅವಳು ನನ್ನ ಹೆಗಲಿನ ಮೇಲಿಂದ ಹೊರಗೆ ಎಲ್ಲೋ ನೋಡುತ್ತಿದ್ದಳು.

“ಏನ್ ಅತ್ಗೆ ನೋಡ್ತಿದೀಯ?”

“ಗೋಡೆಗ್ ನೀರಾಕ್ತಾವ್ಳೆ” ಎಂದಳು.

ಮಾತ್ರೆಯ ಮಂಪರಿನಲ್ಲಿ ಮನೆ ಕಟ್ಟಿಸಿದ ದಿನಗಳು ನೆನಪಾಗುತ್ತಿವೆ ಎಂದುಕೊಂಡೆ. ತನ್ನನ್ನೇ ತಾನು ಕಾಣುತ್ತಿದ್ದಾಳೆ ಎಂದುಕೊಂಡು, “ಹೂಂ, ಚೆನ್ನಾಗಿ ಹಾಕು, ಗೋಡೆ ಗಟ್ಟಿಯಾಗಲಿ” ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು.

ಮಾರನೆಯ ದಿನ, ವಾರದ ಸರದಿಗೆ ಮೊದಲೇ, ವ್ಯಾನು ಬಂದಾಗ ಸಿಸ್ಟರು ಅಭ್ಯಾಸದಂತೆ ನೇರ ಮನೆಯೊಳಗೆ ಹೋಗಿ, ಹೊರಗೆ ಬಂದು, ಶೆಡ್ಡಿನ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಯಾರನ್ನೂ ಬೈಯಲಿಲ್ಲ. ಹುಣ್ಣು ತೊಳೆದು ಕಟ್ಟಿ, ಔಷಧಿ ಹೆಚ್ಚಿಸಿ, ಹೋಗುವಾಗ ಅಣ್ಣನ ಮಗನಿಗೆ, “ಇಲ್ಲಿ ಗಾಳಿ ನುಗ್ತದೆ, ಗೋಣಿತಾಟಾದರೂ ಕಟ್ಟಪ್ಪ” ಎಂದರು. ಅವನು ಓಡಿಹೋಗಿ ಗೋಣಿತಾಟು ತಂದು ಕಟ್ಟಿದ. ಏನು ಹೇಳಿ, ಮಾಡುತ್ತಿದ್ದ. ಅವ್ವನನ್ನು ಒಳಗೆ ಕರೆದುಕೊಳ್ಳುವುದೊಂದನ್ನು ಬಿಟ್ಟು.

ಅವಳು ಸಾಯಲಿಲ್ಲ. ನೆಂಟರು ದಿನಾ ಬಂದು ಶೆಡ್ಡಿನೊಳಗೆ ಇಣುಕಿ, “ಇನ್ನೂ ಅವ್ಳೆ” ಎಂದು ಹೇಳಿ ಹೋಗುತ್ತಿದ್ದರು. ಪಂಚಕ ಕಳೆಯಿತು. ಬೆಳಿಗ್ಗೆ ಅಣ್ಣನ ಮಗ ತಲೆಗೆ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು, ಮದುಮಗಳನ್ನು ಕರೆಯಲು ಬಂದವನ ಹಾಗೆ ಶೆಡ್ಡಿಗೆ ಬಂದ.

“ಅವ್ವ, ಕಳೀತು. ಒಳೀಕ್ ಬಾ. ಮೊದ್ಲು ಮಾತ್ರೆ ಕೊಟ್ಟು ನಿಧಾನ್‌ವಾಗಿ ಎತ್ತೀವಿ.”

ಅತ್ತಿಗೆ ಅವನ ಕಡೆ ನೋಡಿದಳು. ಮಾತಿಗೆ ಉಸಿರು ಸಾಲುತ್ತಿರಲಿಲ್ಲ.

“ಬ್ಯಾಡ ಕಣ್ ಮಗ. ಅದು ತಿಂಗ್ಳು ತಿಂಗ್ಳೂ ಬತ್ತದೆ. ಎಷ್ಟ್ ಸಲ ಎತ್ತೀಯೆ?”

ಅವನು ಕಾಲು ಹಿಡಿದು ಅತ್ತ. ನಾನೂ ಬೇಡಿಕೊಂಡೆ. ನಿನ್ನ ಕೋಣೆ ಅತ್ಗೆ, ನೀನು ನೀರು ಹಾಕಿದ ಗೋಡೆ, ಅಲ್ಲಿ ಮಲಗಬೇಕು ಅಂತ ನೀನೇ ತಾನೇ ಕೇಳಿದ್ದು ಎಂದೆ. ಅವಳು ಬಾಗಿಲ ಕಡೆಗಿದ್ದ ಮುಖವನ್ನು ಸಿಮೆಂಟು ಚೀಲಗಳ ಕಡೆಗೆ ತಿರುಗಿಸಿಕೊಂಡಳು. ಇಷ್ಟು ಹಟ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಆಮೇಲೆ ಅವಳು ಮಾತಾಡಲಿಲ್ಲ. ಒಂದು ಮಧ್ಯಾಹ್ನ ಹಾಲಿನ ಕ್ಯಾನುಗಳನ್ನು ತೊಳೆಯುವ ಸದ್ದಿನ ನಡುವೆ ಅವಳ ಉಸಿರು ನಿಂತಿತು.

ಐನೋರು ನಕ್ಷತ್ರ ನೋಡಿ ದೋಷವೇನೂ ಇಲ್ಲ ಎಂದರು. “ಥೋ, ಒಳಗೇ ಓಗ್ಬೋದಾಗಿತ್ತು” ಎಂದ ದಾಯಾದಿ, ಬಸ್ಸು ತಪ್ಪಿಸಿಕೊಂಡವರ ಬಗ್ಗೆ ಹೇಳುವಂತೆ. ಬಂದವರೆಲ್ಲರ ಬಾಯಲ್ಲಿ ಒಂದೇ ಮಾತು: “ಪುಣ್ಯಾತ್ಗಿತ್ತಿ ಕಣವ್ವ, ಮಕ್ಕಳಿಗೆ ಮನೆ ಬುಡಿಸ್ಲಿಲ್ಲ.” ಶ್ರೀರಂಗಪಟ್ಟಣದಲ್ಲಿ ನದಿಗೆ ಬೂದಿ ಬಿಡುವಾಗಲೂ ಅಣ್ಣನ ಮಗ ಪುರೋಹಿತರ ಹತ್ತಿರ ಅದನ್ನೇ ಹೆಮ್ಮೆಯಿಂದ ಹೇಳಿದ. ಪುರೋಹಿತರು, “ಅಂಥ ತಾಯಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು” ಎಂದರು. ಪುಣ್ಯ ಎಂಬ ಪದ ಈಗ ಯಾರ ಬಾಯಲ್ಲಿ ಬಂದರೂ ನನಗೆ ಊದುಬತ್ತಿ ಹೊಗೆ ಮೂಗಿಗೆ ಹೊಡೆದಂತಾಗುತ್ತದೆ.

ಹನ್ನೊಂದನೆಯ ದಿನದ ಊಟವಾದ ಮೇಲೆ ಮಿಕ್ಕ ಮಾತ್ರೆಗಳನ್ನೂ ಗಾಳಿ ಹಾಸಿಗೆಯನ್ನೂ ಆಸ್ಪತ್ರೆಗೆ ಹಿಂದಿರುಗಿಸಲು ಕಟ್ಟಿಕೊಳ್ಳುತ್ತಿದ್ದೆ. ಅವಳ ಒಂದು ಹಳೆಯ ಸೀರೆ ಆ ಕೋಣೆಯಲ್ಲಿರಬಹುದು ಎಂದು ಒಳಗೆ ಹೋದೆ. ಸೊಸೆ ನನ್ನ ಹಿಂದೆಯೇ ಬಂದಳು. ಕೋಣೆ ಫಳಫಳ ಎನ್ನುತ್ತಿತ್ತು. ಮಂಚದ ಮೇಲೆ ಹೊಸ ದುಪ್ಪಟಿ. ಅವಳು ಬೆರಳಾಡಿಸುತ್ತಿದ್ದ ಕಡೆ ಗೋಡೆಯ ಬಣ್ಣ ನೀರು ಬಿದ್ದು ಒಣಗಿ ಸ್ವಲ್ಪ ತಿಳಿಯಾಗಿತ್ತು.

“ನಿನ್ನೆ ತೊಳೆದ್ರಾ?” ಎಂದೆ.

“ಇಲ್ಲ ಅತ್ತೆ. ಅವತ್ತೇ ತೊಳ್ದ್ಬುಟ್ಟೆ, ಆಚೆಗೆ ಆಕುದ್ರಲ್ಲ, ಅವತ್ತು ಮದ್ಯಾನವೇ. ಎಂಗೂ ಇನ್ನು ಒಳೀಕ್ ಬರಲ್ಲ ಅಂದ್ರು. ಗಂಜಲ ಆಕಿ, ನೆಲ ಗೋಡೆ ಎಲ್ಲಾ ತೊಳ್ದು, ಸಾಂಬ್ರಾಣಿ ಆಕ್ದೆ” ಎಂದಳು ಅವಳು. ಕೆಲಸ ಬಾಕಿ ಇಟ್ಟಿಲ್ಲ ಎಂದು ಹಿರಿಯರಿಗೆ ಹೇಳುವ ದನಿ. ಅವಳಿಗೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ.

ನಾನು ಅಂಗಳ ದಾಟಿ ಶೆಡ್ಡಿಗೆ ಹೋದೆ. ಕಬ್ಬಿಣದ ಮಂಚ ಇನ್ನೂ ಅಲ್ಲೇ ಇತ್ತು. ಅವಳು ತಲೆ ಇಟ್ಟಿದ್ದ ಕಡೆ ತಲೆ ಇಟ್ಟು ಮಲಗಿ, ಬಾಗಿಲಿನಿಂದ ಹೊರಗೆ ನೋಡಿದೆ. ಎದುರಿಗೇ ಕೋಣೆಯ ಕಿಟಕಿ ತೆರೆದಿತ್ತು. ಅದರೊಳಗೆ ಆ ಗೋಡೆ ನೆಟ್ಟಗೆ ಕಾಣುತ್ತಿತ್ತು.